ಒಡೆದ ಗಡಿಯಾರ ಯಾಕೆ ತೋರಿಸಿದ್ರು? ಹಿಂದಿ ಮರ್ಡರ್ ಮಿಸ್ಟರಿ ಆರಿಸಿಕೊಳ್ಳಲು ಒಂದು ಹೋಲಿಕೆ

ಕಳೆದ ಶನಿವಾರ ಅಕ್ಕನ ಮಗಳನ್ನು ಕರೆದುಕೊಂಡು ಹಿಂದಿಯ ಹೊಸದೊಂದು ಮರ್ಡರ್ ಮಿಸ್ಟರಿಗೆ ಹೋಗಿದ್ದೆ. ಯಾವ ಸಿನಿಮಾ ಎಂದು ಹೇಳುವುದಿಲ್ಲ, ಇಲ್ಲಿ ಅದು ಮುಖ್ಯವೂ ಅಲ್ಲ. ದೊಡ್ಡ ಬಂಗಲೆ, ಒಂದು ಪಾರ್ಟಿ, ಮಧ್ಯರಾತ್ರಿಯ ಹೊತ್ತಿಗೆ ಒಂದು ಹೆಣ. ಹೆಣದ ಪಕ್ಕದಲ್ಲಿ ಒಡೆದ ಕೈಗಡಿಯಾರ. ಕ್ಯಾಮೆರಾ ಅದರ ಮುಳ್ಳುಗಳ ಹತ್ತಿರಕ್ಕೆ ಹೋಗಿ, ಹನ್ನೊಂದು ನಲವತ್ತನ್ನು ತೋರಿಸಿ, ಅಲ್ಲೇ ಒಂದೆರಡು ಕ್ಷಣ ನಿಂತಿತು. ನಾವಿಬ್ಬರೂ ಸೀಟಿನಲ್ಲಿ ನೆಟ್ಟಗೆ ಕೂತೆವು. ಇಂಟರ್ವಲ್‌ನಲ್ಲಿ ಅವಳು ಮೊಬೈಲಿನಲ್ಲಿ ಐದು ಹೆಸರು ಬರೆದುಕೊಂಡು, ಹನ್ನೊಂದು ನಲವತ್ತಕ್ಕೆ ಯಾರ್ಯಾರು ಎಲ್ಲೆಲ್ಲಿದ್ದರು ಎಂದು ಒಬ್ಬೊಬ್ಬರನ್ನೇ ಹೊಡೆದುಹಾಕುತ್ತಾ ಹೋದಳು. ಕಾಫಿ ಆರಿಹೋದದ್ದೂ ಗೊತ್ತಾಗಲಿಲ್ಲ.

ಕೊನೆಗೆ ಕೊಲೆಗಾರನಾಗಿ ನಿಂತವನು ಅದುವರೆಗೆ ಎರಡೇ ದೃಶ್ಯಗಳಲ್ಲಿ ಬಂದಿದ್ದ. ಅವನಿಗೂ ಸತ್ತವನಿಗೂ ಇದ್ದ ಹಗೆ ಕೊನೆಯ ಹತ್ತು ನಿಮಿಷದ ಫ್ಲ್ಯಾಶ್‌ಬ್ಯಾಕಿನಲ್ಲಿ ಹುಟ್ಟಿ ಅಲ್ಲೇ ಮುಗಿಯಿತು. ಗಡಿಯಾರದ ಸುದ್ದಿಯೇ ಇಲ್ಲ. ಹೊರಗೆ ಬರುವಾಗ ಅವಳು ಕೇಳಿದ್ದು ಒಂದೇ ಮಾತು: "ಚಿಕ್ಕಮ್ಮಾ, ಹಾಗಾದ್ರೆ ಆ ಗಡಿಯಾರ ಯಾಕೆ ತೋರಿಸಿದ್ರು?"

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹಾಸ್ಯಚಿತ್ರ ಕೆಟ್ಟರೆ ನಗು ಬರುವುದಿಲ್ಲ, ಅಷ್ಟೇ. ಪತ್ತೇದಾರಿ ಸಿನಿಮಾ ಕೆಟ್ಟರೆ ನಾವು ಎರಡೂವರೆ ಗಂಟೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೆಲ್ಲ ದಂಡವಾಗುತ್ತದೆ. ಒಳ್ಳೆಯ ಮರ್ಡರ್ ಮಿಸ್ಟರಿ ಉತ್ತರವನ್ನು ನಮ್ಮ ಕಣ್ಣೆದುರೇ ಇಟ್ಟು ನಮಗೆ ಕಾಣದಂತೆ ಮಾಡುತ್ತದೆ. ಕೆಟ್ಟದ್ದು ಕಣ್ಣಿಗೆ ಮಣ್ಣೆರಚುತ್ತದೆ. ಎರಡಕ್ಕೂ ಅಜಗಜಾಂತರ ಇದೆ, ಆದರೆ ಪೋಸ್ಟರ್ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಹೀರೋ ಯಾರು ಎಂದು ನೋಡಿ ಆರಿಸುವುದನ್ನು ನಾನು ಬಿಟ್ಟಿದ್ದೇನೆ. ಸಿನಿಮಾ ನಮ್ಮ ಮುಂದೆ ಇಡುವ ಪ್ರಶ್ನೆ ಯಾವುದು ಎಂದು ಮೊದಲು ನೋಡುತ್ತೇನೆ. ಕೆಳಗಿನ ಹೋಲಿಕೆಯೆಲ್ಲ ಆ ಲೆಕ್ಕದ ಮೇಲೆಯೇ ನಿಂತಿದೆ. ಕೊಲೆಗಾರ ಯಾರೆಂದು ಎಲ್ಲಿಯೂ ಹೇಳಿಲ್ಲ, ಧೈರ್ಯವಾಗಿ ಓದಿ.

ಯಾರು ಕೊಂದದ್ದು?

ಹೆಚ್ಚಿನವರು ಮರ್ಡರ್ ಮಿಸ್ಟರಿ ಎಂದಾಗ ಬಯಸುವುದು ಇದನ್ನೇ. ಒಂದು ಜಾಗ, ಎಣಿಸಬಹುದಾದಷ್ಟು ಜನ, ಅವರಲ್ಲೊಬ್ಬ ಕೊಲೆಗಾರ. ಇದಕ್ಕೆ ಒಂದೇ ಷರತ್ತು: ಆ ಒಬ್ಬನ ಪರಿಚಯ ನಮಗೆ ಮೊದಲೇ ಸರಿಯಾಗಿ ಆಗಿರಬೇಕು.

ಅಗಾಥಾ ಕ್ರಿಸ್ಟಿಯ ಕತೆಗಳನ್ನು ಹಿಂದಿಯವರು ಎರಡು ರೀತಿಯಲ್ಲಿ ಬಳಸಿಕೊಂಡಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಿಮಗೆ ಯಾವುದು ಹಿಡಿಸುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ. 1965ರ 'ಗುಮ್ನಾಮ್' ಅವರ ಕಾದಂಬರಿಯೊಂದರ ಎಳೆ ಹಿಡಿದದ್ದು. ವಿಮಾನದಿಂದ ಇಳಿದ ಒಂದಷ್ಟು ಜನ ಗುರುತಿಲ್ಲದ ಜಾಗದಲ್ಲಿ ಸಿಕ್ಕಿಬೀಳುತ್ತಾರೆ, ಅಲ್ಲೊಂದು ಬಂಗಲೆ, ಬಂಗಲೆಯಲ್ಲಿ ಅಡುಗೆ ಬಡಿಸಿಕೊಂಡು ಮೆಹಮೂದ್. ಒಬ್ಬೊಬ್ಬರೇ ಸಾಯುತ್ತಾರೆ, ನಡುನಡುವೆ ಹೆಲೆನ್ ಕುಣಿಯುತ್ತಾರೆ. 1973ರ 'ಧುಂಧ್' ಬಿ.ಆರ್. ಚೋಪ್ರಾ ಅವರದು, ಕ್ರಿಸ್ಟಿಯ ನಾಟಕವೊಂದನ್ನು ಆಧರಿಸಿದ್ದು. ಮಂಜು ಕವಿದ ರಾತ್ರಿ, ಕಾರು ಕೆಟ್ಟ ಅಪರಿಚಿತನೊಬ್ಬ ಹತ್ತಿರದ ಮನೆಗೆ ಕಾಲಿಡುತ್ತಾನೆ. ಗಾಲಿಕುರ್ಚಿಯಲ್ಲಿ ಗಂಡ ಸತ್ತು ಕೂತಿದ್ದಾನೆ, ಹೆಂಡತಿ ಕೈಯಲ್ಲಿ ಪಿಸ್ತೂಲು. ಮನೆಮಂದಿಯೆಲ್ಲ ಕೂತು ನೋಡಲು ಮೊದಲನೆಯದು ಸರಿ, ತಲೆಗೆ ಕೆಲಸ ಬೇಕಾದವರಿಗೆ ಎರಡನೆಯದು. ನನ್ನನ್ನು ಕೇಳಿದರೆ 'ಧುಂಧ್' ಒಂದು ಕೈ ಮೇಲು. ಗಂಡನ ಪಾತ್ರದಲ್ಲಿ ಡ್ಯಾನಿ ಡೆನ್‌ಜೊಂಗ್ಪಾ ಕುರ್ಚಿ ಬಿಟ್ಟು ಏಳದೆಯೇ ಮನೆಯಿಡೀ ಭಯ ತುಂಬುವುದನ್ನು ನೋಡಲಿಕ್ಕಾದರೂ ಅದನ್ನು ಹಾಕಿಕೊಳ್ಳಬೇಕು.

ವಿಧು ವಿನೋದ್ ಚೋಪ್ರಾ ಅವರ 'ಖಾಮೋಶ್' ಎಂಬತ್ತರ ದಶಕದ್ದು. ಈಗ ಅದರ ಹೆಸರು ಹೇಳುವವರು ಕಡಿಮೆ. ಪಹಲ್‌ಗಾಮ್‌ನಲ್ಲಿ ಸಿನಿಮಾ ಶೂಟಿಂಗ್‌ಗೆ ಬಂದ ತಂಡ, ಅದರಲ್ಲಿ ಶಬಾನಾ ಆಜ್ಮಿ ಮತ್ತು ಅಮೋಲ್ ಪಾಲೇಕರ್ ತಮ್ಮ ಹೆಸರಿನಲ್ಲೇ ನಟಿಸಿದ್ದಾರೆ. ತಂಡದ ನಟಿಯೊಬ್ಬಳು ಸಾಯುತ್ತಾಳೆ, ಆತ್ಮಹತ್ಯೆ ಎಂದು ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ಪರದೆಯ ಮೇಲೆ ಎಲ್ಲರೂ ನಟರೇ ಆದಾಗ ಯಾರು ಅತ್ತರೂ ಅದು ನಿಜವಾದ ಅಳುವೋ ಅಭಿನಯವೋ ಎಂಬ ಅನುಮಾನ ನಮ್ಮನ್ನು ಬಿಡುವುದಿಲ್ಲ. ಎಷ್ಟು ಸರಳವಾದ ಉಪಾಯ!

ಈಚಿನವುಗಳಲ್ಲಿ ನಾನು ಎಲ್ಲರಿಗೂ ಹೇಳುವುದು 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ರಾತ್ ಅಕೇಲಿ ಹೈ'. ಹಳೆಯ ಜಮೀನ್ದಾರಿ ಮನೆ. ವಯಸ್ಸಾದ ಯಜಮಾನ ತನಗಿಂತ ಎಷ್ಟೋ ಚಿಕ್ಕವಳನ್ನು ಮದುವೆಯಾದ ರಾತ್ರಿಯೇ ಹೆಣವಾಗಿದ್ದಾನೆ. ಮನೆಯವರೆಲ್ಲರ ಬೆರಳು ಹೊಸ ಹೆಂಡತಿಯತ್ತ. ತನಿಖೆಗೆ ಬರುವ ಇನ್‌ಸ್ಪೆಕ್ಟರ್ ನವಾಜುದ್ದೀನ್ ಸಿದ್ದಿಕಿ. ಇವನ ತಾಯಿ ಇವನಿಗೆ ಹೆಣ್ಣು ಹುಡುಕುತ್ತಿದ್ದಾಳೆ, ಇವನು ತನ್ನ ಬಣ್ಣದ ಬಗ್ಗೆ ಒಳಗೊಳಗೇ ಕೊರಗುತ್ತಾ ಯಾರಿಗೂ ಕಾಣದಂತೆ ಮುಖಕ್ಕೆ ಬಿಳಿಯಾಗುವ ಕ್ರೀಮ್ ಹಚ್ಚಿಕೊಳ್ಳುತ್ತಾನೆ. ಇದು ತಮಾಷೆಗೆ ಇಟ್ಟ ವಿವರವಲ್ಲ. ಹೆಣ್ಣನ್ನು ಹೇಗೆ ನೋಡುತ್ತೇವೆ, ಯಾರ ಮಾತು ನಂಬುತ್ತೇವೆ ಎಂಬುದೇ ಈ ಕೊಲೆಯ ಕೀಲಿಕೈ. ಪೊಲೀಸನಿಗೂ ಅದೇ ರೋಗ ಇದ್ದಾಗ ತನಿಖೆಗೆ ಬೇರೆಯೇ ತೂಕ ಬರುತ್ತದೆ. ಸ್ಮಿತಾ ಸಿಂಗ್ ಬರೆದ ಚಿತ್ರಕತೆಯಲ್ಲಿ ಯಾರೂ ಸುಮ್ಮನೆ ಬಂದು ಹೋಗುವುದಿಲ್ಲ. ಮನೆಯ ಕೆಲಸದವಳ ಮಾತನ್ನೂ ಕಿವಿಗೊಟ್ಟು ಕೇಳಿ.

ಇದಕ್ಕೆ ವಿರುದ್ಧದ ತುದಿಯಲ್ಲಿ 2025ರ 'ಹೌಸ್‌ಫುಲ್ 5' ಇದೆ. ಅದನ್ನು ಎ ಮತ್ತು ಬಿ ಎಂದು ಎರಡು ಆವೃತ್ತಿಗಳಲ್ಲಿ ಬಿಡುಗಡೆ ಮಾಡಿದರು, ಒಂದೊಂದರಲ್ಲಿ ಒಂದೊಂದು ಕ್ಲೈಮ್ಯಾಕ್ಸ್, ಬೇರೆ ಬೇರೆ ಕೊಲೆಗಾರರು. ನಗುವುದಕ್ಕೆಂದೇ ಹೋಗುವವರಿಗೆ ಅದರಿಂದ ನಷ್ಟವಿಲ್ಲ. ಆದರೆ ಸುಳಿವು ಹಿಡಿದು ಲೆಕ್ಕ ಹಾಕುವವರು ಯೋಚಿಸಿ: ಕೊನೆಯಲ್ಲಿ ಕೊಲೆಗಾರನನ್ನು ಬದಲಿಸಿದರೂ ಹಿಂದಿನ ಕತೆ ಹಾಗೇ ನಡೆಯುತ್ತದೆ ಎಂದರೆ ಆ ಹಿಂದಿನ ಕತೆಯಲ್ಲಿ ಯಾರೊಬ್ಬರತ್ತಲೂ ಕಟ್ಟುನಿಟ್ಟಾಗಿ ಬೊಟ್ಟು ಮಾಡುವ ಸುಳಿವು ಇರಲು ಸಾಧ್ಯವೇ?

ಕೊಂದವರು ಗೊತ್ತು, ಮುಂದೇನು?

ಇಲ್ಲಿ ಕೊಲೆ ನಮ್ಮ ಕಣ್ಣೆದುರೇ ಆಗುತ್ತದೆ. ಸಿಕ್ಕಿಬೀಳುತ್ತಾರಾ, ಹೇಗೆ ಪಾರಾಗುತ್ತಾರೆ ಎಂಬುದೇ ಪ್ರಶ್ನೆ. ಕೊನೆಯ ಹತ್ತು ನಿಮಿಷದ ಮೋಸಕ್ಕೆ ಹೆದರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಬಚ್ಚಿಡಲು ಕೊಲೆಗಾರನ ಹೆಸರೇ ಇಲ್ಲದಿರುವಾಗ ನಿರ್ದೇಶಕ ಪ್ರತಿ ದೃಶ್ಯದಲ್ಲೂ ದುಡಿಯಬೇಕಾಗುತ್ತದೆ.

2018ರ 'ಅಂಧಾಧುನ್' ಇದಕ್ಕೆ ಮೇಲ್ಪಂಕ್ತಿ. ಶ್ರೀರಾಮ್ ರಾಘವನ್ ನಿರ್ದೇಶನ, ಆ ವರ್ಷದ ಅತ್ಯುತ್ತಮ ಹಿಂದಿ ಚಿತ್ರದ ರಾಷ್ಟ್ರಪ್ರಶಸ್ತಿ ಅದಕ್ಕೇ ಬಂತು. ಕುರುಡನಂತೆ ನಟಿಸುವ ಪಿಯಾನೋ ವಾದಕ ಒಂದು ಮನೆಗೆ ನುಡಿಸಲು ಹೋಗುತ್ತಾನೆ. ನುಡಿಸುತ್ತಾ ಕೂತಾಗ ನೆಲದ ಮೇಲೆ ಹೆಣದ ಕಾಲುಗಳು ಕಾಣುತ್ತವೆ. ಕಂಡದ್ದನ್ನು ತೋರಗೊಡುವಂತಿಲ್ಲ, ನುಡಿಸುವುದನ್ನು ನಿಲ್ಲಿಸುವಂತಿಲ್ಲ. ಮನೆಯೊಡತಿ ಟಬು ಒಂದು ಕಡೆ ಅವನೊಂದಿಗೆ ಮಾತಿನ ಉಪಚಾರ ನಡೆಸುತ್ತಾ ಇನ್ನೊಂದು ಕಡೆ ಸದ್ದಿಲ್ಲದೆ ನೆಲ ಒರೆಸಿ, ಹೆಣ ಸಾಗಿಸುವುದಕ್ಕೆ ಕೈಜೋಡಿಸುತ್ತಾಳೆ. ಕಿವಿಗೆ ಕೇಳುವುದು ಸಂಗೀತ ಮಾತ್ರ, ಕಣ್ಣಿಗೆ ಕಾಣುವುದು ಕೊಲೆಯ ಮನೆಗೆಲಸ. ಆಯುಷ್ಮಾನ್ ಖುರಾನಾ ಅವರ ಬೆರಳು ಒಂದು ಕತೆ ಹೇಳಿದರೆ ಕುತ್ತಿಗೆಯ ನರ ಇನ್ನೊಂದು ಹೇಳುತ್ತದೆ. ಈ ಒಂದು ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

'ದೃಶ್ಯಂ' ಬಗ್ಗೆ ಕನ್ನಡದವರಿಗೆ ಹೆಚ್ಚು ಹೇಳಬೇಕಿಲ್ಲ. 2013ರ ಮಲಯಾಳಂ ಮೂಲ, 2014ರಲ್ಲಿ ರವಿಚಂದ್ರನ್ ಅವರ 'ದೃಶ್ಯ', 2015ರಲ್ಲಿ ಅಜಯ್ ದೇವಗನ್ ಅವರ ಹಿಂದಿ. ಕನ್ನಡದಲ್ಲೋ ಮಲಯಾಳಂನಲ್ಲೋ ನೋಡಿದ್ದರೆ ಹಿಂದಿಯದು ಬೇಕಿಲ್ಲ. ಟಬು ಅವರಿಗಾಗಿ ಬೇಕಾದರೆ ನೋಡಿ, ಮಗನನ್ನು ಕಳೆದುಕೊಂಡ ಪೊಲೀಸ್ ಅಧಿಕಾರಿಯ ಪಾತ್ರದಲ್ಲಿ ಅವರು ಎದೆ ಕಲಕುತ್ತಾರೆ.

2023ರ 'ಜಾನೆ ಜಾನ್' ಕೂಡ ಇದೇ ಜಾತಿ. ಜಪಾನಿನ ಕೀಗೊ ಹಿಗಾಶಿನೊ ಅವರ ಕಾದಂಬರಿಯನ್ನು ಸುಜಯ್ ಘೋಷ್ ಕಾಲಿಂಪಾಂಗ್‌ನ ಮಂಜಿನೊಳಗೆ ತಂದಿಟ್ಟಿದ್ದಾರೆ. ಪಕ್ಕದ ಮನೆಯ ಗಣಿತದ ಮೇಷ್ಟ್ರಾಗಿ ಜೈದೀಪ್ ಅಹ್ಲಾವತ್ ಅವರನ್ನು ನೋಡಿದ ಮೇಲೆ ಉಳಿದವರ ಕಡೆ ಕಣ್ಣು ಹೋಗುವುದಿಲ್ಲ. ಆದರೆ ಕಾದಂಬರಿ ಓದಿದವರು ಸಿನಿಮಾದಿಂದ ಬೆರಗನ್ನು ಬಯಸಬೇಡಿ.

ಯಾಕೆ? ನಿಜವಾಗಿ ಆದದ್ದೇನು?

ಇವು ನಿಧಾನದ ಸಿನಿಮಾಗಳು, ಎಲ್ಲರಿಗೂ ಒಗ್ಗುವುದಿಲ್ಲ. ದಿನವಿಡೀ ದುಡಿದು ದಣಿದು ಬಂದ ರಾತ್ರಿ ಇವನ್ನು ಹಾಕಿಕೊಳ್ಳಬೇಡಿ.

2007ರ 'ಮನೋರಮಾ ಸಿಕ್ಸ್ ಫೀಟ್ ಅಂಡರ್' ಥಿಯೇಟರಿನಲ್ಲಿ ನೋಡಿದವರು ಕಡಿಮೆ, ಆಮೇಲೆ ಹುಡುಕಿಕೊಂಡು ನೋಡಿದವರೇ ಹೆಚ್ಚು. ರಾಜಸ್ಥಾನದ ಒಣ ಊರು. ಅಮಾನತ್ತಾದ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಅಭಯ್ ದೇವಲ್, ಹಿಂದೊಮ್ಮೆ ಪತ್ತೇದಾರಿ ಕಾದಂಬರಿ ಬರೆದವನು. ಆ ಪುಸ್ತಕ ಓದಿ ಮೆಚ್ಚಿದವಳೊಬ್ಬಳು ಬಂದು, ಮಂತ್ರಿಯಾಗಿರುವ ನನ್ನ ಗಂಡನ ಫೋಟೋ ತೆಗೆದುಕೊಡು ಎನ್ನುತ್ತಾಳೆ. ಅಲ್ಲಿಂದ ನೀರು, ಕಾಲುವೆ, ರಾಜಕೀಯ. ಬರಗಾಲದ ಊರಿನಲ್ಲಿ ಮಂತ್ರಿಯ ಮನೆಯ ಅಂಗಳ ಹಸಿರಾಗಿದ್ದರೆ ಅದೇ ಒಂದು ಸುಳಿವು ಎಂದು ಯೋಚಿಸುವವರಿಗೆ ಇದು ಹಬ್ಬ.

2015ರ 'ತಲ್ವಾರ್' ಬೇರೆಯೇ ಮಾತು. 2008ರಲ್ಲಿ ನೋಯ್ಡಾದಲ್ಲಿ ಹದಿಹರೆಯದ ಹುಡುಗಿ ಮತ್ತು ಮನೆಕೆಲಸದವನ ಕೊಲೆಯಾದ ಪ್ರಕರಣವನ್ನು ಆಧರಿಸಿದ್ದು. ಮೇಘನಾ ಗುಲ್ಜಾರ್ ನಿರ್ದೇಶನ, ವಿಶಾಲ್ ಭಾರದ್ವಾಜ್ ಬರವಣಿಗೆ. ಅದೇ ಮನೆ, ಅದೇ ರಾತ್ರಿ, ಅದೇ ಬಾಗಿಲು. ಒಂದು ತನಿಖಾ ತಂಡ ಹೇಳಿದಂತೆ ಒಮ್ಮೆ ನಡೆಯುತ್ತದೆ, ಮತ್ತೊಂದು ತಂಡ ಹೇಳಿದಂತೆ ಇನ್ನೊಮ್ಮೆ. ಪ್ರತಿಸಲವೂ ನಾವು ನಂಬುತ್ತೇವೆ, ಪ್ರತಿಸಲವೂ ಎದೆ ಭಾರವಾಗುತ್ತದೆ. ಸಿನಿಮಾ ಬರುವಾಗ ಹುಡುಗಿಯ ತಂದೆತಾಯಿ ಕೆಳಗಿನ ನ್ಯಾಯಾಲಯದ ತೀರ್ಪಿನಂತೆ ಜೈಲಿನಲ್ಲಿದ್ದರು. 2017ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಒಂದು ನಿಜವಾದ ಮಗುವಿನ ಸಾವು ಇದು ಎಂಬುದನ್ನು ಮರೆಯದೆ ನೋಡುವವರು ಮಾತ್ರ ಇದನ್ನು ಆರಿಸಿಕೊಳ್ಳಿ. ಮನರಂಜನೆಗೆ ಎಂದು ಕೂರಬೇಡಿ, ದಯವಿಟ್ಟು. ಇಲ್ಲಿ ಎಲ್ಲವನ್ನೂ ಬಿಡಿಸಿ ಹೇಳುವ ಕ್ಲೈಮ್ಯಾಕ್ಸ್ ಇಲ್ಲ, ಇರಬಾರದು ಕೂಡ.

ಹಾಡು ಬೇಕೋ ಬೇಡವೋ

ಇದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ, ಆದರೆ ಹಿಂದಿ ಸಿನಿಮಾದ ಮಟ್ಟಿಗೆ ಅರ್ಧ ಆಯ್ಕೆ ಇದರಲ್ಲೇ ಮುಗಿಯುತ್ತದೆ. ಸಸ್ಪೆನ್ಸ್ ಬಿಗಿಯಾಗುವ ಹೊತ್ತಿಗೆ ಹಾಡು ಬಂದರೆ ಬಿಗಿ ಸಡಿಲವಾಗುತ್ತದೆ ಎನ್ನುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. 1964ರ 'ವೋ ಕೌನ್ ಥೀ'ಯಲ್ಲಿ ಮದನ್ ಮೋಹನ್ ಅವರ ಹಾಡುಗಳೇ ಆ ಬಿಳಿ ಸೀರೆಯ ಹೆಂಗಸಿನ ನಿಗೂಢತೆಯನ್ನು ಹೊತ್ತುಕೊಂಡಿವೆ, ಅವನ್ನು ಕಿತ್ತರೆ ಸಿನಿಮಾ ಉಳಿಯುವುದಿಲ್ಲ. 1966ರ 'ತೀಸ್ರಿ ಮಂಜಿಲ್' ಅಂತೂ ಆರ್.ಡಿ. ಬರ್ಮನ್ ಅವರಿಗೇ ಸಲ್ಲಬೇಕು. ವಿಜಯ್ ಆನಂದ್ ಹಾಡನ್ನೂ ಅನುಮಾನವನ್ನೂ ಒಂದೇ ಉಸಿರಿನಲ್ಲಿ ನಡೆಸುತ್ತಾರೆ.

ಹಾಡೇ ಬೇಡ ಎನ್ನುವವರಿಗೆ ಮೂರು ಇವೆ. 1960ರ 'ಕಾನೂನ್' ಬಂದ ಕಾಲಕ್ಕೆ ಹಾಡಿಲ್ಲದ ಹಿಂದಿ ಸಿನಿಮಾ ಎಂದರೆ ದೊಡ್ಡ ಸಾಹಸ. ವಕೀಲನೊಬ್ಬ ಕೊಲೆಯನ್ನು ಕಣ್ಣಾರೆ ಕಾಣುತ್ತಾನೆ, ಕೊಂದವನು ತಾನು ಮದುವೆಯಾಗಬೇಕಾದ ಹುಡುಗಿಯ ತಂದೆಯಾದ ನ್ಯಾಯಾಧೀಶ ಎಂದು ಅವನ ಕಣ್ಣು ಹೇಳುತ್ತದೆ. ಸಿಕ್ಕಿಬಿದ್ದವನು ಮಾತ್ರ ಒಬ್ಬ ಬಡಪಾಯಿ ಕಳ್ಳ, ವಿಚಾರಣೆ ಅದೇ ನ್ಯಾಯಾಧೀಶನ ಮುಂದೆ. ಮರಣದಂಡನೆ ಸರಿಯೇ ಎಂಬ ಚರ್ಚೆ ಉದ್ದವಾಯಿತು ಎನಿಸಬಹುದು, ಆದರೂ ಅಶೋಕ್ ಕುಮಾರ್ ಅವರ ಮುಖ ನೋಡುತ್ತಾ ಕೂರಬಹುದು. ಎರಡನೆಯದು 1969ರ 'ಇತ್ತೆಫಾಕ್', ಯಶ್ ಚೋಪ್ರಾ ನಿರ್ದೇಶನ. ಹೆಂಡತಿಯನ್ನು ಕೊಂದ ಆರೋಪ ಹೊತ್ತ ರಾಜೇಶ್ ಖನ್ನಾ ಮಳೆಯ ರಾತ್ರಿ ಆಸ್ಪತ್ರೆಯಿಂದ ತಪ್ಪಿಸಿಕೊಂಡು ನಂದಾ ಒಬ್ಬರೇ ಇರುವ ಮನೆಗೆ ನುಗ್ಗುತ್ತಾರೆ. ಮುಕ್ಕಾಲು ಸಿನಿಮಾ ಅದೇ ಮನೆಯಲ್ಲಿ, ಅದೇ ರಾತ್ರಿಯಲ್ಲಿ. ಹಾಡಿಲ್ಲ, ಇಂಟರ್ವಲ್ಲೂ ಇಲ್ಲ. ಮೂರನೆಯದು ರಾಮ್ ಗೋಪಾಲ್ ವರ್ಮಾ ಅವರ 1999ರ 'ಕೌನ್', ಒಂದು ಮನೆ, ಮೂರು ಪಾತ್ರ, ನಿಲ್ಲದ ಮಳೆ. ಹೆದರಿಕೆ ತಡೆಯುವವರಿಗೆ ಮಾತ್ರ.

ಒಂದೇ ಆರಿಸು ಎಂದರೆ 'ಇತ್ತೆಫಾಕ್' ಎನ್ನುತ್ತೇನೆ, 1969ರದ್ದು. ಅದೇ ಹೆಸರಿನಲ್ಲಿ 2017ರಲ್ಲಿ ಬಂದದ್ದು ಇಬ್ಬರ ಎರಡು ಹೇಳಿಕೆಗಳನ್ನು ಎದುರುಬದುರು ನಿಲ್ಲಿಸುತ್ತದೆ. ಪೊಲೀಸ್ ಅಧಿಕಾರಿಯಾಗಿ ಅಕ್ಷಯ್ ಖನ್ನಾ ಚೆನ್ನಾಗಿದ್ದಾರೆ, ನೋಡಿದರೆ ತಪ್ಪೇನಿಲ್ಲ. ಆದರೆ ಹಳೆಯದರಲ್ಲಿ ಮೌನಕ್ಕೆ ಇರುವ ಜಾಗ ಹೊಸದರಲ್ಲಿ ಇಲ್ಲ.

ರೀಮೇಕ್ ವಿಷಯದಲ್ಲಿ ನನ್ನ ನಿಯಮ ಚಿಕ್ಕದು: ಮೂಲ ನೋಡಿದ್ದರೆ ಮರ್ಡರ್ ಮಿಸ್ಟರಿಯ ರೀಮೇಕಿಗೆ ದುಡ್ಡು ಕೊಡಬೇಡಿ. 2019ರ 'ಬದ್ಲಾ' 2016ರ ಸ್ಪ್ಯಾನಿಷ್ ಸಿನಿಮಾವೊಂದರ ರೂಪ. ಮೂಲ ನೋಡಿರದವರಿಗೆ ಅಮಿತಾಭ್ ಮತ್ತು ತಾಪ್ಸಿ ಎದುರುಬದುರು ಕೂತು ನಡೆಸುವ ಮಾತಿನ ಕುಸ್ತಿ ಸೊಗಸಾದ ಊಟ.

ಥಿಯೇಟರೋ ಮನೆಯೋ

ಕತ್ತಲಲ್ಲಿ, ನೂರಾರು ಜನ ಒಟ್ಟಿಗೆ ಉಸಿರು ಹಿಡಿದು ಕೂರುವ ಸುಖ ಮನೆಯಲ್ಲಿ ಸಿಗುವುದಿಲ್ಲ. 2012ರಲ್ಲಿ 'ಕಹಾನಿ' ನೋಡುವಾಗ ಕೊನೆಯ ಕಾಲು ಗಂಟೆ ಥಿಯೇಟರಿನಲ್ಲಿ ಒಬ್ಬರೂ ಪಿಟ್ಟೆನ್ನಲಿಲ್ಲ. ಕೋಲ್ಕತ್ತಾದ ದುರ್ಗಾಪೂಜೆಯ ಗದ್ದಲದಲ್ಲಿ ಗಂಡನನ್ನು ಹುಡುಕುವ ಗರ್ಭಿಣಿಯಾಗಿ ವಿದ್ಯಾ ಬಾಲನ್, ಸಪ್ಪೆ ಮುಖದ ಎಲ್‌ಐಸಿ ಏಜೆಂಟಿನ ವೇಷದ ಹಂತಕನಾಗಿ ಶಾಶ್ವತ ಚಟರ್ಜಿ. ಮುಗಿದ ಮೇಲೆ ಇನ್ನೊಮ್ಮೆ ನೋಡಿದೆ, ಎಲ್ಲವೂ ಕೂಡಿ ಬಂತು. ಎರಡನೇ ಸಲ ನೋಡಿದಾಗಲೂ ನಿಲ್ಲುವ ಸಿನಿಮಾಕ್ಕೇ ಟಿಕೆಟ್ ದುಡ್ಡು ಸಾರ್ಥಕ.

ಟಿಕೆಟ್ ತೆಗೆಯುವ ಮುನ್ನ ಟ್ರೈಲರನ್ನು ಒಂದೇ ಒಂದು ಸಲ, ಹೀಗೆ ನೋಡಿ. ಸತ್ತವರು ಯಾರು, ಅವರ ಬದುಕು ಏನಾಗಿತ್ತು ಎಂಬುದು ಸ್ವಲ್ಪವಾದರೂ ತಿಳಿಯುತ್ತದೆಯೇ? ತಿಳಿದರೆ ಆಸೆ ಇಟ್ಟುಕೊಳ್ಳಬಹುದು. ಎಲ್ಲರೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುವುದು, ತನಿಖಾಧಿಕಾರಿ ಕನ್ನಡಕ ಹಾಕಿಕೊಂಡು ನಿಧಾನವಾಗಿ ನಡೆದು ಬರುವುದು, ಇಷ್ಟೇ ಇದ್ದರೆ ಒಟಿಟಿಗೆ ಬರುವವರೆಗೆ ಕಾಯಿರಿ. ನಾವು ಮೋಸಹೋದ ಸಿನಿಮಾದ ಟ್ರೈಲರಿನಲ್ಲಿ ಸತ್ತವನ ಮುಖವನ್ನೇ ತೋರಿಸಿರಲಿಲ್ಲ. ಅದು ನನಗೆ ಆಗಲೇ ಹೊಳೆಯಬೇಕಿತ್ತು.

ವಿಮರ್ಶೆ ಓದುವುದಿದ್ದರೆ "ಟ್ವಿಸ್ಟ್ ಸೂಪರ್" ಎಂದವರನ್ನು ಬಿಟ್ಟು, "ಮೊದಲೇ ಗೊತ್ತಾಗಬೇಕಿತ್ತು ಎನಿಸಿತು" ಎಂದವರನ್ನು ನಂಬಿ. ಹಳೆಯ ಸಿನಿಮಾ ಆರಿಸುವಾಗ ಪ್ರಶಸ್ತಿಪಟ್ಟಿ ತೆರೆಯಲೇಬೇಡಿ. 1997ರ 'ಗುಪ್ತ್' ನೋಡಿರದಿದ್ದರೆ ಆ ಸಾಲಿನ ಖಳಪಾತ್ರದ ಫಿಲ್ಮ್‌ಫೇರ್ ಯಾರಿಗೆ ಹೋಯಿತು ಎಂದು ಹುಡುಕಬೇಡಿ, ಎಲ್ಲ ಅಲ್ಲೇ ಬಯಲಾಗುತ್ತದೆ.

ಮನೆಯಲ್ಲಿ ನೋಡುವುದಾದರೆ ಒಂದೇ ಕೋರಿಕೆ, ಫೋನು ಬೇರೆ ಕೋಣೆಯಲ್ಲಿರಲಿ. ಈ ಸಿನಿಮಾಗಳು ಅರೆಗಣ್ಣಿಗೆ ಒಲಿಯುವುದಿಲ್ಲ.

ಮರುದಿನ ಭಾನುವಾರ ಅಕ್ಕನ ಮಗಳಿಗೆ 'ಅಂಧಾಧುನ್' ಹಾಕಿದೆ. ಅದು ತೆರೆದುಕೊಳ್ಳುವುದು ಎಲೆಕೋಸಿನ ಹೊಲದಲ್ಲಿ, ಒಂದು ಮೊಲದ ಹಿಂದೆ ಬಂದೂಕು ಹಿಡಿದು ಬಿದ್ದವನಿಂದ. ಅದಾದ ಮೇಲೆ ಕತೆ ಪುಣೆಗೆ ಹೊರಟುಹೋಗುತ್ತದೆ. "ಈ ಮೊಲ ಯಾಕೆ ಬಂತು ಚಿಕ್ಕಮ್ಮಾ, ಇದೂ ಗಡಿಯಾರದ ಥರಾನಾ?" ಎಂದಳು. ನೋಡ್ತಾ ಇರು ಎಂದೆ. ಎರಡು ಗಂಟೆ ಚಿಲ್ಲರೆ ಅವಳು ಕೂತ ಜಾಗದಿಂದ ಏಳಲಿಲ್ಲ. ಹೆಸರುಗಳು ಮೇಲೇರತೊಡಗಿದಾಗ ಒಂದು ಗಳಿಗೆ ಸುಮ್ಮನಿದ್ದು, ರಿಮೋಟ್ ಕಿತ್ತುಕೊಂಡು ಮತ್ತೆ ಮೊದಲ ನಿಮಿಷಕ್ಕೆ ಹೋದಳು.